ಗೋಡೆಯ ಮುಂದೆ ಝೆನ್ ಧ್ಯಾನ: ನನ್ನ ಅನುಭವ

ಬೌದ್ಧರ ಝೆನ್ ಧ್ಯಾನದಲ್ಲಿ ಕಣ್ಣು ಮುಚ್ಚುವುದಿಲ್ಲ. ಧಾರವಾಡದ ಗೆಳೆಯರಿಗೆ ಇದನ್ನು ಹೇಳಿದರೆ ಮೊದಲು ನಂಬುವುದೇ ಇಲ್ಲ. ರೆಪ್ಪೆ ಅರ್ಧ ಇಳಿಸಿ, ನೋಟ ಕೆಳಗೆ ಬಿಟ್ಟು, ಗೋಡೆಗೆ ಮುಖ ಮಾಡಿ ಕೂಡಬೇಕು. ಇದು ಝೆನ್‌ನ ಸೋಟೋ ಪಂಥದ ರೂಢಿ. ಆ ಪಂಥವನ್ನು ಜಪಾನಿಗೆ ತಂದವರು ದೋಗೆನ್ ಅನ್ನುವ ಭಿಕ್ಷು. 1227ರಲ್ಲಿ ಚೀನಾದಿಂದ ಮರಳಿದ ಮೇಲೆ ಅವರು ಕಲಿಸಿದ್ದು ಸುಮ್ನೆ ಕೂಡುವುದನ್ನು. ಬುದ್ಧನಾಗಬೇಕು ಅನ್ನುವ ಆಸೆಯನ್ನೂ ಬಿಟ್ಟು ಕೂಡುವುದನ್ನು.

ನಾನು ನಡುಮನೆಯಲ್ಲಿ ಕಂಬಳಿ ಮಡಚಿ, ಅದರ ಅಂಚಿನ ಮೇಲೆ ಕೂಡುತ್ತೇನೆ. ಸೊಂಟ ಎತ್ತರವಾದರೆ ಮೊಣಕಾಲು ನೆಲಕ್ಕೆ ತಾಗುತ್ತವೆ, ಬೆನ್ನು ತಾನೇ ನೆಟ್ಟಗಾಗುತ್ತದೆ. ಬಲ ಅಂಗೈ ಮೇಲೆ ಎಡಗೈ, ಹೆಬ್ಬೆರಳ ತುದಿಗಳು ಹಗುರಾಗಿ ತಾಗಿರಬೇಕು. ತೂಕಡಿಕೆ ಬಂದರೆ ಮೊದಲು ಕುಸಿಯುವುದು ಹೆಬ್ಬೆರಳುಗಳೇ. ಹೊರಗೆ ಹೋಗುವ ಉಸಿರನ್ನು ಹತ್ತರವರೆಗೆ ಎಣಿಸಿ, ಮತ್ತೆ ಒಂದರಿಂದ. ಎಣಿಕೆ ತಪ್ಪಿದರೂ ಒಂದರಿಂದ.

"ಗ್ವಾಡಿ ನೋಡ್ಕೋತ ಕುಂತ್ರ ಏನ್ ಕಾಣತೈತೋ ನಿನಗ?" ಅಂತ ಅವ್ವ ಕೇಳಿದ್ದಳು. ಕಾಣುವುದು ಬಹಳ. ಸುಣ್ಣದ ಕಲೆಗಳು ಮುಖಗಳಾಗುತ್ತವೆ. ಕೈ ಇಲ್ಲವೇನೋ, ಮೈ ಉಬ್ಬಿತೇನೋ ಅನಿಸುತ್ತದೆ. ಝೆನ್‌ನಲ್ಲಿ ಇವನ್ನೆಲ್ಲ ಮಕ್ಯೋ ಅನ್ನುತ್ತಾರೆ, ಅಂದರೆ ಧ್ಯಾನದಲ್ಲಿ ಏಳುವ ಭ್ರಮೆಗಳು. ಬೆಳಕು ಕಂಡರೂ, ಸ್ವತಃ ಬುದ್ಧನೇ ಕಂಡರೂ ಅದು ಮಕ್ಯೋನೇ. ಹೆದರದೆ, ಹಿಗ್ಗದೆ ಉಸಿರಿಗೆ ಮರಳಬೇಕು. ಈ ಕಟ್ಟುನಿಟ್ಟು ನನಗೆ ಬಹಳ ಹಿಡಿಸಿತು.

ಆದರೆ ಒಂದು ಮುಂಜಾನೆ ಆದದ್ದು ಬೇರೆ. ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ದಿನಾ ಕೇಳುವ ಟಪ್ ಟಪ್ ಸದ್ದು. ಯಾವಾಗಲೂ ಸದ್ದು ಅಲ್ಲಿ, ಕೇಳುವ ನಾನು ಇಲ್ಲಿ. ಅವತ್ತು ನಡುವಿನ ಆ ದೂರ ಇರಲಿಲ್ಲ. ಸದ್ದಿತ್ತು, ಕೇಳುವವನು ಬೇರೆ ಇರಲಿಲ್ಲ. ಎಚ್ಚರ ಪೂರ್ತಿ ಇತ್ತು. ಮೊಣಕಾಲ ನೋವೂ ಇತ್ತು, ಆದರೆ ಅದು ಯಾರದೂ ಆಗಿರಲಿಲ್ಲ. ಬೆಳಕಿಲ್ಲ, ಕಣ್ಣೀರಿಲ್ಲ, ಬಹಳ ಸಾದಾ. 'ಓ, ಇದೇ ಅದು' ಅಂತ ಒಳಗೆ ಮಾತು ಎದ್ದಿತು ನೋಡಿ, ಹೇಳುವವನೊಬ್ಬ ಹುಟ್ಟಿಕೊಂಡ. ಮತ್ತೆ ಎರಡಾಯಿತು.

ಹುಬ್ಬಳ್ಳಿಯ ಸಿದ್ಧಾರೂಢ ಮಠಕ್ಕೆ ಸಣ್ಣವನಿದ್ದಾಗಿನಿಂದ ಹೋಗುತ್ತಿರುವ ನನಗೆ ಅದ್ವೈತದ ಮಾತು ಹೊಸದಲ್ಲ. "ನೀ ಕಂಡದ್ದು ಆತ್ಮನೇ" ಅಂತ ಕಾಕಾ ಹೇಳಿದರು. ನಾನು ಅಷ್ಟು ಬೇಗ ಹೂಂ ಅನ್ನಲಾರೆ. ವೇದಾಂತದಲ್ಲಿ ಎಲ್ಲವನ್ನೂ ನೋಡುವ ಸಾಕ್ಷಿ ಉಳಿಯುತ್ತದೆ. ಅದೇ ಆತ್ಮ, ಅದೇ ಬ್ರಹ್ಮ. ಝೆನ್ ಬೌದ್ಧ ದಾರಿ, ಹಾಗೆ ಉಳಿಯುವ ಆತ್ಮವನ್ನು ಅದು ಒಪ್ಪುವುದಿಲ್ಲ. ರೊಟ್ಟಿಯ ಸದ್ದಿನಲ್ಲಿ ನನಗೆ ಸಾಕ್ಷಿಯೂ ಸಿಗಲಿಲ್ಲ. ಎರಡೂ ದಾರಿಗೆ ಕೈ ಮುಗಿಯುತ್ತೇನೆ, ಬೆರೆಸುವುದಿಲ್ಲ.

ತನ್ನ ನಿಜ ಸ್ವಭಾವ ಕಾಣುವುದಕ್ಕೆ ಝೆನ್‌ನಲ್ಲಿ ಕೆನ್ಶೋ ಅನ್ನುತ್ತಾರೆ. ಆ ಮುಂಜಾನೆ ಆದದ್ದು ಕೆನ್ಶೋ ಹೌದೋ ಅಲ್ಲವೋ ಹೇಳಬೇಕಾದವರು ಗುರು. ಝೆನ್‌ನ ಇನ್ನೊಂದು ಪಂಥವಾದ ರಿಂಝಾಯ್‌ನಲ್ಲಿ ಶಿಷ್ಯ ಒಬ್ಬನೇ ಗುರುವಿನ ಮುಂದೆ ಹೋಗಿ ಪರೀಕ್ಷೆಗೆ ನಿಲ್ಲುತ್ತಾನೆ. ನನಗೆ ಹತ್ತಿರದಲ್ಲಿ ಅಂಥವರಿಲ್ಲ. ಅದಕ್ಕೇ ಅದಕ್ಕೆ ಹೆಸರಿಟ್ಟಿಲ್ಲ. ಮರುದಿನ 'ಇನ್ನೊಮ್ಮೆ ಆಗಲಿ' ಅನ್ನುವ ಆಸೆ ಜೋರಾಗಿ ಬಂತು. ಅದನ್ನೂ ಮಕ್ಯೋ ಅಂತಲೇ ತಿಳಿದು, ಒಂದರಿಂದ ಎಣಿಸಿದೆ. ಕಾಲು ಜೋಮು ಹಿಡಿದರೆ ಎದ್ದು ಕಿನ್ಹಿನ್ ಮಾಡುತ್ತೇನೆ, ಅಂದರೆ ಉಸಿರಿಗೆ ತಕ್ಕಂತೆ ನಿಧಾನ ನಡಿಗೆ.

ಹೊಸಬರಿಗೆ ಒಂದು ಮಾತು. 'ನಾನು' ಸಡಿಲಾದಾಗ ಕೆಲವರಿಗೆ ಭಯ ಆಗುತ್ತದೆ. ಆ ಭಯ ಹೋಗದಿದ್ದರೆ, ನಿದ್ದೆ ಕೆಟ್ಟರೆ, ಕೂಡುವುದನ್ನು ನಿಲ್ಲಿಸಿ. ಹೊಲ, ಮನೆ ಕೆಲಸದಲ್ಲಿ ಕೈ ಆಡಿಸಿ. ಆಗಲೂ ಸರಿಹೋಗದಿದ್ದರೆ ಸಂಕೋಚ ಬೇಡ, ಡಾಕ್ಟರ್‌ಗೆ ತೋರಿಸಿ. ನಮ್ಮ ಧಾರವಾಡದಲ್ಲೇ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ.