ಬರೆ ಕಡಿಯದೆ ಕಟ್ಟಿದ ಮನೆ: ನನ್ನ ಅನುಭವ

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದ ದಿನಗಳಲ್ಲೇ ನಮ್ಮ ಮನೆಯೂ ಹಿಂದಿನ ಬರೆ (ಗುಡ್ಡದ ಕಡಿದಾದ ಮಣ್ಣಿನ ಮಗ್ಗುಲು) ಕುಸಿದು ಮಣ್ಣಿನಡಿ ಹೋಯಿತು. ತೋಟ ಬಿಟ್ಟು ಹೋಗಲು ಮನಸ್ಸಾಗದೆ, ಮೊದಲ ಸಲ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ: 2019ರ ಬೇಸಗೆಯಲ್ಲಿ ಜೆಸಿಬಿ ತರಿಸಿ ಇಳಿಜಾರನ್ನು ಕಡಿದು ಸಮತಟ್ಟು ಮಾಡಿಸಿ, ಸುಮಾರು 3.5 ಲಕ್ಷ ರೂಪಾಯಿ ಸುರಿದು ಕಾಂಕ್ರೀಟ್ ತಡೆಗೋಡೆ ಎಬ್ಬಿಸಿದೆ. ನೀರು ಬಸಿಯಲು ಗುತ್ತಿಗೆದಾರರು ಇಟ್ಟದ್ದು ನಾಲ್ಕೇ ಪೈಪು. ಹಿಂಬದಿಗೆ ಜಲ್ಲಿಯ ಬದಲು ಬರೆಯ ಮಣ್ಣನ್ನೇ ತುಂಬಿದ್ದರು. ಆ ವರ್ಷದ ಆಗಸ್ಟ್ ಮಳೆಗೆ ಗೋಡೆ ಹೊಟ್ಟೆ ಉಬ್ಬಿ ಎರಡೇ ದಿನದಲ್ಲಿ ಮಗುಚಿಕೊಂಡಿತು. ಆ ಸಾಲ ತೀರಿಸಲು ಎರಡು ವರ್ಷದ ಕಾಳುಮೆಣಸು ಹೋಯಿತು.

ಎರಡನೆಯ ಸಲ ಬರೆಗೆ ಕೈ ಹಚ್ಚಲಿಲ್ಲ. ತೋಡಿನಿಂದ (ಮಳೆನೀರು ಹರಿಯುವ ಹಳ್ಳ) ದೂರದ ದಿಣ್ಣೆಯಲ್ಲಿ, ಇಳಿಜಾರನ್ನು ಇದ್ದಂತೆಯೇ ಬಿಟ್ಟು, ಗಟ್ಟಿ ನೆಲ ಸಿಗುವವರೆಗೆ ಗುಂಡಿ ತೆಗೆಸಿ, ಉದ್ದಗಿಡ್ಡ ಕಂಬಗಳ ಮೇಲೆ ಸುಮಾರು 700 ಚದರಡಿಯ ಮನೆ ಕಟ್ಟಿಸಿದೆ. “ಇದು ಗಾಳಿಗೆ ನಿಲ್ಲುವುದಿಲ್ಲ ಭಾವ” ಎಂದು ಹೆಂಡತಿಯ ತಮ್ಮ ಎಚ್ಚರಿಸಿದ್ದ. ಮೇಸ್ತ್ರಿಯೂ ಅರ್ಧದಲ್ಲಿ ಬಿಟ್ಟುಹೋಗಿದ್ದರು. ಒಟ್ಟು 14 ಲಕ್ಷದ ಆಸುಪಾಸು ಆಯಿತು.

ಕಂಬಗಳಿಗಿಂತ ಹೆಚ್ಚು ತಲೆ ಕೆಡಿಸಿಕೊಂಡದ್ದು ನೀರಿನ ಬಗ್ಗೆ. ಮನೆಯ ಮೇಲ್ಭಾಗದಲ್ಲಿ ಅಡ್ಡಚರಂಡಿ ತೋಡಿ, ತಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಿ, ಕಾಡುಕಲ್ಲು ಜೋಡಿಸಿ, ನೀರನ್ನು ಹಳೆಯ ತೋಡಿಗೇ ಸೇರಿಸಿದೆ. ಇದಕ್ಕೆ 80 ಸಾವಿರ ಹಿಡಿಯಿತು. ಚರಂಡಿ ತಿರುಗುವ ಜಾಗದಲ್ಲಿ ಕಲ್ಲು ಕೀಳದಂತೆ ಕೂರಿಸುವ ಕ್ರಮವೊಂದನ್ನು ಕಂಡುಕೊಂಡಿದ್ದೇನೆ. ಅದನ್ನು ಬರೆದು ತಿಳಿಸಲಾಗದು, ತೋಟಕ್ಕೆ ಬಂದವರಿಗೆ ತೋರಿಸುತ್ತೇನೆ. ಬರೆಗೆ ಲಾವಂಚ ನೆಟ್ಟೆ. ಮೊದಲ ವರ್ಷ ಜೂನ್ ಕೊನೆಗೆ ನೆಟ್ಟದ್ದರಿಂದ ಮುಕ್ಕಾಲು ಪಾಲು ಕೊಚ್ಚಿಹೋಯಿತು. ಮರುವರ್ಷ ಕಾಫಿ ಹೂ ಅರಳಿಸುವ ಬೇಸಗೆಯ ಹೂಮಳೆಯ ಬೆನ್ನಿಗೇ ನೆಟ್ಟು, ಕೊಡದಲ್ಲಿ ನೀರು ಹೊತ್ತು ಉಳಿಸಿಕೊಂಡೆ. ಒಂದು ಮೂಲೆಯಲ್ಲಿ ನೇಪಿಯರ್ ಹುಲ್ಲನ್ನೂ ಪರೀಕ್ಷಿಸಿದೆ. ಹಸುವಿಗೆ ಮೇವಾಯಿತು, ಮಣ್ಣು ಹಿಡಿಯುವುದರಲ್ಲಿ ಲಾವಂಚದ ಸಮಕ್ಕೆ ಬರಲಿಲ್ಲ.

ಹಳೆಯ ಅಂಗಳದಲ್ಲಿ 2018ರ ಬಿರುಕು ಇನ್ನೂ ಇದೆ. ಅದಕ್ಕೆ ಅಡ್ಡವಾಗಿ ಬೆರಳಗಲದ ಗಾಜಿನ ಪಟ್ಟಿಯನ್ನು ಸಿಮೆಂಟಿನಿಂದ ಅಂಟಿಸಿದ್ದೇನೆ. ನೆಲ ಕೂದಲೆಳೆಯಷ್ಟು ಸರಿದರೂ ಗಾಜು ಸೀಳುತ್ತದೆ. ತಡೆಗೋಡೆ ಬಿದ್ದ ವರ್ಷ ಅದು ಮೂರು ಸಲ ಒಡೆದಿತ್ತು. 2024ರ ಜುಲೈ ಮಳೆಯಲ್ಲಿ ದಿನಾ ಬೆಳಿಗ್ಗೆ ಟಾರ್ಚ್ ಹಿಡಿದು ಹೋಗಿ ನೋಡಿದೆ. ಅಂಚಿಗೆ ಪಾಚಿ ಕಟ್ಟಿತ್ತು, ಗಾಜು ಹಾಗೆಯೇ ಇತ್ತು. ಮಳೆಗಾಲ ಕಳೆದ ಮೇಲೆ ಭಾವಮೈದ ತನ್ನ ಜಾಗದ ಅಳತೆ ಹಿಡಿದು ಬಂದ.