ನೈಟ್ರೋಜನ್ ಕ್ಯಾನಿನಲ್ಲಿ ಅದ್ದಿ ಕಲಿತದ್ದು

ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ನಮ್ಮದೊಂದು ಸಣ್ಣ ಸಾಫ್ಟ್‌ವೇರ್ ತಂಡ ಇದೆ. ಗುಳಿಗೆ ಮಾಡುವ ಕಾರ್ಖಾನೆಗಳಿಗೆ ಬ್ಯಾಚ್ ರೆಕಾರ್ಡ್ ಮಾಡಿಕೊಡುತ್ತಿದ್ದೆವು. ಯಾರು, ಯಾವಾಗ, ಏನು ಹಾಕಿದರು ಅಂತ ಕಾಗದದ ಮೇಲೆ ಬರೆಯುವುದನ್ನು ಕಂಪ್ಯೂಟರಿಗೆ ತರುವ ಕೆಲಸ. ಐಐಟಿ ಬಾಂಬೆಯಲ್ಲಿ ಹುಟ್ಟಿದ ಕ್ಯಾನ್ಸರ್ ಚಿಕಿತ್ಸೆ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ಸಿಕ್ಕಿತಲ್ಲ, ಅದಾದ ಮೇಲೆ ಬೇರೊಂದು ಊರಿನಲ್ಲಿ ಅಂಥದ್ದೇ ಕಾರ್-ಟಿ (ರೋಗಿಯದೇ ಟಿ-ಕಣ, ಅಂದರೆ ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳನ್ನು ಬದಲಿಸಿ ಕ್ಯಾನ್ಸರಿಗೆ ಕೊಡುವ ಚಿಕಿತ್ಸೆ) ಮಾಡಲು ತಯಾರಿ ನಡೆಸಿದ್ದ ಒಂದು ಘಟಕದವರು ನಮ್ಮನ್ನು ಕರೆದರು.

ಗುಳಿಗೆಯ ಲೆಕ್ಕ ಇಲ್ಲಿ ನಡೆಯಲಿಲ್ಲ. ಅಲ್ಲಿ ಒಂದು ಬ್ಯಾಚಿಗೆ ಲಕ್ಷಗಟ್ಟಲೆ ಗುಳಿಗೆ, ಇಲ್ಲಿ ಒಬ್ಬ ರೋಗಿಗೆ ಒಂದು ಬ್ಯಾಚ್. ಅವರದೇ ರಕ್ತದಿಂದ ಟಿ-ಕಣ ಬೇರ್ಪಡಿಸಿ, ವೈರಸ್ ವಾಹಕದಿಂದ ಹೊಸ ಜೀನ್ ಸೇರಿಸಿ, ಬೆಳೆಸಿ, ಪರೀಕ್ಷಿಸಿ, ಚೀಲಕ್ಕೆ ತುಂಬಿ ಹೆಪ್ಪುಗಟ್ಟಿಸಿ, ಮತ್ತೆ ಅವರಿಗೇ ಕೊಡಬೇಕು. ಒಬ್ಬರ ಚೀಲ ಇನ್ನೊಬ್ಬರಿಗೆ ಹೋದರೆ ಜೀವಕ್ಕೇ ಅಪಾಯ. ಅದಕ್ಕೇ ಯಂತ್ರ ಜೋಡಿಸುವ ಮಾತು ಆಮೇಲೆ ಇರಲಿ, ಮೊದಲು ಚೀಲದ ಮೇಲಿನ ಚೀಟಿ ಗಟ್ಟಿ ಮಾಡೋಣ ಅಂದುಕೊಂಡೆ.

ನಮ್ಮ ತಂಡದಲ್ಲಿ ಧಾರವಾಡದಲ್ಲಿ ಬಯೋಟೆಕ್ನಾಲಜಿ ಓದಿದ ಗದಗ ಕಡೆಯ ಹುಡುಗಿ ಒಬ್ಬಳಿದ್ದಾಳೆ. "ಸರ, ದನದ ಡಾಕ್ಟರು ವೀರ್ಯದ ಕಡ್ಡಿ ಇಡೋ ಕ್ಯಾನ್ ಐತಲ್ರೀ, ಅಂಥಾದೊಂದು ತರಿಸೋಣ, ಇಲ್ಲೇ ಅದ್ದಿ ನೋಡೋಣ" ಅಂದಳು. ತರಿಸಿದೆವು. ದ್ರವ ನೈಟ್ರೋಜನ್ ಅಂದರೆ ಮೈನಸ್ 196 ಡಿಗ್ರಿ. ಖಾಲಿ ಚೀಲಗಳಿಗೆ ಬೇರೆ ಬೇರೆ ಚೀಟಿ ಅಂಟಿಸಿ, ಕಿಟಕಿ ತೆರೆದಿಟ್ಟು, ದಪ್ಪ ಕೈಗವಸು ಹಾಕಿ ಅದ್ದಿದೆವು. ಸಾದಾ ಚೀಟಿಯ ಅಂಟು ಸತ್ತು, ಅಂಚು ಎದ್ದು, ಬೆರಳು ತಾಗಿದ್ದೇ ತಡ ಕಳಚಿಬಂತು. ಅತಿ ತಂಪಿಗೆಂದೇ ಮಾಡಿದ ಚೀಟಿ ನಿಂತಿತು, ಆದರೆ ಹೊರಗೆ ತೆಗೆದ ಕೂಡಲೇ ಮೇಲೆ ಬೆಳ್ಳಗೆ ಹಿಮ ಕೂತು ಸ್ಕ್ಯಾನರ್ ಓದಲಿಲ್ಲ. ಗೆರೆಗೆರೆ ಬಾರ್‌ಕೋಡ್ ಬಿಟ್ಟು ಚೌಕಾಕಾರದ ಡೇಟಾ ಮ್ಯಾಟ್ರಿಕ್ಸ್ ಹಾಕಿದೆವು, ಅದರಲ್ಲಿ ಒಂದಿಷ್ಟು ಭಾಗ ಮುಚ್ಚಿಹೋದರೂ ಉಳಿದದ್ದರಿಂದ ಓದಿಕೊಳ್ಳುತ್ತದೆ. ಚೀಲ ಇಡುವ ಲೋಹದ ಪೆಟ್ಟಿಗೆಗೂ ಅದೇ ಗುರುತು ಅಂಟಿಸಿದೆವು. ಎರಡೂ ಹೊಂದಿದರೆ ಮಾತ್ರ ಮುಂದಿನ ಹೆಜ್ಜೆ.

ಇಷ್ಟಾದ ಮೇಲೆ ಘಟಕಕ್ಕೆ ಹೋದೆವು. ಅಲ್ಲಿ ನಮ್ಮ ತಪ್ಪು ಕಂಡಿತು. ಕಣ ಬೆಳೆಸುವ ಕೋಣೆಯ ಒಳಗಿನವರು ಎರಡೆರಡು ಕೈಗವಸು ಹಾಕಿ ಚೀಲ ಹಿಡಿದು ನಿಂತಿರುತ್ತಾರೆ, ನಮ್ಮ ಪರದೆ ಐದು ನಿಮಿಷಕ್ಕೊಮ್ಮೆ ಲಾಗೌಟ್ ಆಗಿ ಪಾಸ್‌ವರ್ಡ್ ಕೇಳುತ್ತಿತ್ತು! ಅವರು ಸಂಖ್ಯೆ ಕೂಗಿ ಹೇಳೋದು, ಕಿಟಕಿಯಾಚೆ ಇನ್ನೊಬ್ಬರು ತಮ್ಮ ಲಾಗಿನ್‌ನಲ್ಲಿ ಟೈಪ್ ಮಾಡೋದು. ಮಾಡಿದವರು ಒಬ್ಬರು, ದಾಖಲೆಯಲ್ಲಿ ಇನ್ನೊಬ್ಬರ ಹೆಸರು. ವಿದ್ಯುನ್ಮಾನ ದಾಖಲೆಗೆ ಅಮೆರಿಕದ ಔಷಧ ನಿಯಂತ್ರಕರು 1997ರಲ್ಲಿ ತಂದ ಭಾಗ 11ರ ನಿಯಮ ತಡೆಯಲು ಹೊರಟಿದ್ದು ಇಂಥದ್ದನ್ನೇ ಅಲ್ವಾ? ಹುಬ್ಬಳ್ಳಿಗೆ ಬಂದು ಆಫೀಸಿನ ನೆಲದ ಮೇಲೆ ಟೇಪ್ ಹಚ್ಚಿ ಅಷ್ಟೇ ಅಳತೆಯ ಕೋಣೆ ಮಾಡಿದೆವು, ನಾವೇ ಗೌನು, ಎರಡು ಕೈಗವಸು ಹಾಕಿಕೊಂಡು ಮೂರು ದಿನ ಅದೇ ಕೆಲಸ ಮಾಡಿ ನೋಡಿದೆವು. ಕಣ ಎಣಿಸುವ ಯಂತ್ರದಿಂದ ಸಂಖ್ಯೆ ನೇರ ದಾಖಲೆಗೆ ಬರುವಂತೆ ಮಾಡಿದೆವು. ಲಾಗಿನ್‌ಗೆ ಬ್ಯಾಡ್ಜ್ ತೋರಿಸಿದರೆ ಸಾಕು, ಸಹಿ ಮಾಡುವಾಗ ಮಾತ್ರ ಪಾಸ್‌ವರ್ಡ್.

ಇನ್ನೊಂದು ಪೆಟ್ಟು ಜೋರಾಗಿ ಬಿತ್ತು. ಗುಳಿಗೆಯ ರೂಢಿಯಲ್ಲಿ, ಕಣದ ಎಣಿಕೆ ಮಿತಿಗಿಂತ ಕಡಿಮೆಯಾದರೆ ಪರದೆ ನಿಲ್ಲುವಂತೆ ಬರೆದಿದ್ದೆವು. ಪ್ರಾಯೋಗಿಕ ಬ್ಯಾಚಿನಲ್ಲಿ ಕಣಗಳು ನಿಧಾನ ಬೆಳೆದವು, ಪರದೆ ನಿಂತೇಬಿಟ್ಟಿತು. ಹಿಂದೆ ಸಾಕಷ್ಟು ಕೀಮೋ ಆದ ರೋಗಿಯ ಕಣಗಳು ಹೀಗೆ ನಿಧಾನವಾಗುವುದು ಉಂಟು, ಅವುಗಳಿಗೆ ಆಹಾರ ಬದಲಿಸುವ ಹೊತ್ತು ಮಾತ್ರ ಮೀರುವಂತಿಲ್ಲ. ಅಂಥ ಕಡೆ ಈಗ ಪರದೆ ನಿಲ್ಲದೆ ದಾರಿ ಕೇಳುತ್ತದೆ: ಇನ್ನೊಂದು ದಿನ ಬೆಳೆಸೋದಾ, ಗುಣಮಟ್ಟ ವಿಭಾಗವನ್ನು ಕರೆಯೋದಾ? ಯಾರು ಏನು ತೀರ್ಮಾನ ಮಾಡಿದರು, ಯಾಕೆ ಅನ್ನೋದು ಅಲ್ಲೇ ದಾಖಲಾಗುತ್ತದೆ. ಆದರೆ ಸಹಿ ಇಲ್ಲದೆ ಚೀಲ ಹೊರಗೆ ಹೋಗೋ ಹಾಗಿಲ್ಲ.

ಉಳಿದಿರುವುದು ಆಸ್ಪತ್ರೆಯ ತುದಿ. ರಕ್ತದಿಂದ ಕಣ ತೆಗೆದು ಕಳಿಸುವಾಗ ಅಲ್ಲಿ ಈಗಲೂ ಕೈಬರಹದ ಚೀಟಿ. ಮುಂದಿನ ವಾರ ನಾವಿಬ್ಬರೂ ಹೋಗಿ ಒಂದು ದಿನ ಪೂರ್ತಿ ಸುಮ್ನೆ ನಿಂತು ನೋಡ್ತೀವಿ. ಅದಾದ ಮೇಲೇ ಕೋಡ್.