ಮೆಣಸಿನ ಗಿಡಕ್ಕೆ ಯಾವ ನಾಜಲ್? ಹಳದಿ ಕಾಗದ ಕಟ್ಟಿ ನೋಡಿದೆ

ರಸ ಹೀರುವ ಸಣ್ಣ ಕೀಟ ಥ್ರಿಪ್ಸ್ ಕೂರುವುದು ಎಲೆಯ ಅಡಿಯಲ್ಲಿ, ಚಿಗುರಿನ ಸಂದಿಯಲ್ಲಿ, ಹೂವಿನೊಳಗೆ. ಮೇಲಿಂದ ಗಿಡ ತೊಯ್ದು ತೊಟ್ಟಿಕ್ಕಿದರೆ ಕಣ್ಣಿಗೆ ಸಮಾಧಾನ, ಆದರೆ ತೊಟ್ಟಿಕ್ಕಿದ ಔಷಧಿ ಮಣ್ಣುಪಾಲು. ಹಾಗಾಗಿ ಬ್ಯಾಡಗಿ ಮೆಣಸಿನ ಹೊಲದಲ್ಲಿ ಮೊದಲು ಬ್ಯಾಟರಿ ಪಂಪಿಗೆ ಬರೀ ನೀರು ತುಂಬಿ, ಔಷಧಿ ಚಿಮ್ಮುವ ತುದಿಗಳಾದ ನಾಜಲ್‌ಗಳನ್ನು ನೋಡಿದೆ.

ಇದಕ್ಕೆಂದೇ ಒಂದು ಹಳದಿ ಕಾಗದ ಸಿಗುತ್ತದೆ. ನೀರಿನ ಹನಿ ಬಿದ್ದಲ್ಲಿ ನೀಲಿ ಚುಕ್ಕೆ ಮೂಡುತ್ತದೆ. ಕೈಬೆವರು, ಇಬ್ಬನಿ ತಾಗಿದರೂ ನೀಲಿಯೇ. ಅದಕ್ಕೆ ಇಬ್ಬನಿ ಆರಿದ ಮೇಲೆ ಕೈಗವಸು ಹಾಕಿಕೊಂಡು ನೆತ್ತಿ, ನಡು, ಬುಡದ ಎಲೆಗಳಿಗೆ ಕಾಗದದ ತುಂಡು ಸಿಕ್ಕಿಸಿದೆ. ಮೇಲೊಂದು, ಅಡಿಗೊಂದು.

ನೀರನ್ನು ಬೀಸಣಿಗೆಯಂತೆ ಚಪ್ಪಟೆಯಾಗಿ ಚೆಲ್ಲುವ ಫ್ಲಾಟ್ ಫ್ಯಾನ್ ನಾಜಲ್ ಹಾಕಿ ಮೇಲಿಂದ ಹೊಡೆದಾಗ ನೆತ್ತಿಯ ಕಾಗದ ಪೂರ್ತಿ ನೀಲಿಯಾಯಿತು. ಎಲೆ ಅಡಿಯದು ಹಳದಿಯಾಗೇ ಉಳಿಯಿತು. ಹಾಲೋ ಕೋನ್ ನೀರನ್ನು ತಿರುಗಿಸಿ ಬಳೆಯ ಹಾಗೆ ಸುತ್ತ ಚೆಲ್ಲುತ್ತದೆ, ನಡು ಖಾಲಿ. ಹನಿ ಸಣ್ಣ, ಎಲೆಗಳ ನಡುವೆ ನುಗ್ಗುತ್ತದೆ. ಆದರೆ ಅದೂ ಮೇಲಿಂದ ಹೊಡೆದರೆ ಸಾಲದು. ಲ್ಯಾನ್ಸ್ (ನಾಜಲ್ ಕೂರುವ ಉದ್ದ ಕೊಳವೆ) ತಗ್ಗಿಸಿ, ನಾಜಲ್ ಮೇಲ್ಮುಖ ಮಾಡಿ ಸಾಲಿನ ಎರಡೂ ಕಡೆಯಿಂದ ಹೊಡೆದಾಗಲೇ ಎಲೆಯಡಿ ಚುಕ್ಕೆಗಳು ದಟ್ಟವಾಗಿ ಬಿದ್ದವು. ನನ್ನ ಪ್ರಕಾರ ನಾಜಲ್‌ನಷ್ಟೇ ಕೈಯ ಕೋನವೂ ಮುಖ್ಯ. ಸಣ್ಣ ಹನಿ ಗಾಳಿಗೆ ಹಾರಿಹೋಗುತ್ತದೆ, ಹಾಗಾಗಿ ಗಾಳಿ ಎದ್ದ ಹೊತ್ತಲ್ಲಿ ಹೊಡೆಯುವುದೇ ಇಲ್ಲ.

ಫ್ಲಾಟ್ ಫ್ಯಾನ್ ಬಿಸಾಡಬೇಕಿಲ್ಲ. ಕಳೆನಾಶಕಕ್ಕೆ ಅದೇ ಸರಿ. ಒಣಗಿದ ಸಿಮೆಂಟ್ ಕಣದ ಮೇಲೆ ನೀರು ಹೊಡೆದು ಆರುವುದನ್ನು ನೋಡಿ: ಅಂಚುಗಳು ಬೇಗ ಆರುತ್ತವೆ, ಅಂದರೆ ಅಲ್ಲಿ ನೀರು ಕಡಿಮೆ. ಅದಕ್ಕೇ ಒಂದು ಪಟ್ಟಿಯ ಅಂಚು ಪಕ್ಕದ ಪಟ್ಟಿಯ ಮೇಲೆ ಬರಬೇಕು. ಕಳೆನಾಶಕದ ಪಂಪನ್ನು ಮಾತ್ರ ಬೇರೆಯೇ ಇಟ್ಟಿದ್ದೇನೆ, ಉಳಿದ ಚೂರು ವಿಷ ಮೆಣಸಿಗೆ ತಾಗಬಾರದು ಅಲ್ವಾ?

ಬ್ಯಾಟರಿ ಇಳಿದಂತೆ ಒತ್ತಡ ಕುಗ್ಗುತ್ತದೆ, ಕೋನ್ ಕಿರಿದಾಗುತ್ತದೆ, ಹನಿ ದಪ್ಪವಾಗುತ್ತದೆ. ಪೂರ್ತಿ ಚಾರ್ಜ್ ಆದ ಮೇಲೇ ಹೊಲಕ್ಕೆ ಒಯ್ಯುತ್ತೇನೆ.

ಹೊಸ ನಾಜಲ್ ತಂದ ದಿನವೇ ಅಳತೆ ಜಗ್ಗಿಗೆ 1 ನಿಮಿಷ ನೀರು ಹಿಡಿದು ಬರೆದಿಡುತ್ತೇನೆ. ಹಳದಿ ಬಣ್ಣದ, 02 ಅಳತೆಯ ಫ್ಲಾಟ್ ಫ್ಯಾನ್ ಆದರೆ 3 ಬಾರ್ ಒತ್ತಡದಲ್ಲಿ ನಿಮಿಷಕ್ಕೆ ಸುಮಾರು 0.8 ಲೀಟರ್ ಬರಬೇಕು. ಮುಂದೆ ಅಳೆದಾಗ ಹೊಸದಕ್ಕಿಂತ ಶೇ. 10ಕ್ಕಿಂತ ಜಾಸ್ತಿ ಬಂದರೆ ತೂತು ಸವೆದಿದೆ, ಬದಲಾಯಿಸುತ್ತೇನೆ. ಕಟ್ಟಿಕೊಂಡರೆ ತಂತಿ ತೂರಿಸುವುದಿಲ್ಲ, ಬಾಯಿಂದ ಊದುವುದಂತೂ ಇಲ್ಲವೇ ಇಲ್ಲ. ಹಳೇ ಹಲ್ಲುಜ್ಜುವ ಬ್ರಷ್ ಮತ್ತು ನೀರು ಸಾಕು.